ಹಟ್ಟಿಯೊಳಗಿನ ಕೆಂಪು ಚುಕ್ಕಿ

"ಮೊದ್ಲ ಬಾಗ್ಲಾ ಹಾಕ್ರಿ ಮಂಗಲಕ್ಕಾ. ಆಮ್ಯಾಲೆ ತೋರಸ್ತೇನಿ," ಅಂದ್ಲು ರುತುಜಾ.

ಹಾಕಿದ್ನಿ. ಗಡಹಿಂಗ್ಲಜದ ಆ ಸಣ್ಣ ಮನ್ಯಾಗ ಬೆಳಗಿನ ಬಿಸಲು ಕಿಡಕ್ಯಾಗಿಂದ ನೆಟ್ಟಗ ಗ್ವಾಡಿಗೆ ಬಿದ್ದಿತ್ತು. ಅಡಗಿ ಮನ್ಯಾಗ ರುತುಜಾನ ಅವ್ವ ಲಗಮವ್ವ ರೊಟ್ಟಿ ಬಡಿಯಾಕತ್ತಿದ್ಲು. ಆಕಿಗೆ ಬಿಪಿ ಐತಿ, ಆಕಿಗೆ ಏನೂ ಗೊತ್ತಾಗಬಾರ್ದು ಅಂತ ಮಗಳ ಆಣಿ.

ರುತುಜಾ ಮೊಬೈಲು ನನ್ನ ಮುಂದ ಹಿಡಿದ್ಲು. ನಾ ಆಕಿ ಮುಂಗೈ ಹಿಡ್ಕೊಂಡು ನೋಡಿದ್ನಿ.

🐢🎺  🔥🐦🟡  🌶️👓🔴  🥁🍋

"ಇದು ನಂದು," ಅಂದ್ಲು. ಮೆಣಸಿನಕಾಯಿ, ಚಷ್ಮಾ, ಅದರ ಬೆನ್ನಿಗೆ ಕೆಂಪು ಚುಕ್ಕಿ. "ಇವತ್ತ ನನ್ನ ಪಾಳಿ."

ನಾ ಏನ್ ಹೇಳ್ಲಿ? ಕೊಲ್ಹಾಪುರದಾಗ ನಂದು ಖಾಸಗಿ ಪತ್ತೇದಾರಿ ಆಫೀಸು. ಆಫೀಸು ಅಂದ್ರ ಒಂದು ಟೇಬಲ್ಲು, ಎರಡು ಖುರ್ಚಿ. ವರನಿಗೆ ಕುಡ್ಯೋ ಚಟ ಐತೇನು, ವಿಮಾದವ್ರಿಗೆ ಯಾರರೆ ಸುಳ್ಳು ಹೇಳ್ಯಾರೇನು, ಇಂಥಾ ಚೌಕಶಿ ಮಾಡಿ ಹೊಟ್ಟಿ ಹೊರಕೊಳ್ಳಾಕಿ ನಾ. ಈ ಕೇಸಿಗೆ ನಾ ತಯಾರ ಇರಲಿಲ್ಲ, ಈಗೂ ಇಲ್ಲ. ಹೆದರಿಕಿ ಆಗತೈತಿ ಅಂದ್ರ ಆಗತೈತಿ. ಅದರಾಗ ನಾಚಿಕಿ ಏನು ಬಂತು.

ರುತುಜಾ ಮತ್ತ ಆಕಿ ಗೆಳ್ಯಾರು ಕೂಡಿ 'ಹಟ್ಟಿ' ಅಂತ ಒಂದು ಆನ್‌ಲೈನ್ ಗುಂಪು ಕಟ್ಟ್ಯಾರ. ಗಡಿ ಭಾಗದ ಪ್ರೋಗ್ರಾಮರ್ ಮಂದಿ ಅಲ್ಲಿ ಕೂಡಿ ಕೋಡ್ ಬರೀತಾರ, ಒಬ್ಬರ ತಪ್ಪು ಇನ್ನೊಬ್ರು ತಿದ್ದತಾರ, ಚಾಷ್ಟಿ ಮಾಡ್ತಾರ. ಖರೇ ಹೆಸರು ಯಾರೂ ಹಾಕಂಗಿಲ್ಲ, ಬರೇ ಯೂಸರ್‌ನೇಮು. ಆ ಯೂಸರ್‌ನೇಮಿಗೆ ತಕ್ಕಂಗ ಒಬ್ಬೊಬ್ಬರಿಗೆ ಎರಡೆರಡು ಇಮೋಜಿ ಆರಿಸಿ ಕೊಟ್ಟಾಂವ ಪ್ರತೀಕ, ಕೊಲ್ಹಾಪುರದ ಬೆಲ್ಲದ ಪ್ಯಾಟ್ಯಾಗಿನ ಜೈನರ ಹುಡುಗ. ರುತುಜಾ 'ಖಾರಾ ಟೀಚರ್', ಆಕಿಗೆ 🌶️👓. ಇಚಲಕರಂಜಿ ಮಗ್ಗದ ಅವಧೂತ 'ರಾತ್ರಿಮಗ್ಗ', ಅವಗ 🌙🧵. ಪ್ರತೀಕ ತಾನು 'ಬೆಲ್ಲದಾನಿ', 🐘🟫. ಬೆಲ್ಲದ ಇಮೋಜಿ ಇಲ್ಲ, ಆನಿ ಬಾಜು ಜೇನಿನ ಡಬ್ಬಿ ಹಾಕೋ ಅಂತ ಇವ್ರು ಅಂದ್ರ, ನಮ್ಮ ಮನ್ಯಾಗ ಜೇನು ತಿನ್ನಂಗಿಲ್ಲ ಅಂತ ಜಗಳಾ ತಗದಿದ್ನಂತ.

ದಿನಾ ಮುಂಜಾನೆ 'ಕಾವಲಿ' ಅನ್ನೋ ಅವರ ಬಾಟ್ ಎಲ್ಲಾರ ಇಮೋಜಿ ಸಾಲಾಗಿ ಹಾಕತೈತಿ. ಎದ್ದವ್ರು ಒಂದು ಹಾರ್ಟ್ ಒತ್ತಬೇಕು. ಅಷ್ಟ ಆಟ.

ಹೋದ ವಾರ 🌙🧵 ಬೆನ್ನಿಗೆ ಕೆಂಪು ಚುಕ್ಕಿ ಬಂತು. ಅವತ್ತ ಸಂಜಿಕ ಅವಧೂತನ ಮಗ್ಗದ ಶೆಡ್ಡಿನ್ಯಾಗ ಯಾರೋ ಹಿಂದಿಂದ ಅವನ ತಲಿಗೆ ಹೊಡದ್ರು. ಆಮ್ಯಾಲೆ 🐘🟫 ಬೆನ್ನಿಗೆ ಬಂತು. ಪ್ರತೀಕ ಬೈಕ್ ಹತ್ತಿ ಹ್ವಾದಾಂವ ಮನಿಗೆ ತಿರಗಿ ಬಂದಿಲ್ಲ. ಬೈಕು ಕಾಗಲ ಹೈವೇ ಬಾಜು ಸಿಕ್ತು, ಹುಡುಗ ಸಿಗಲಿಲ್ಲ. ಇಬ್ಬರ ಇಮೋಜಿನೂ ಸಾಲಿನ್ಯಾಗಿಂದ ಮಾಯ ಆದ್ವು.

"ಪೊಲೀಸ್ರಿಗೆ ತೋರಿಸಿದ್ಯಾ?"

"ತೋರಿಸಿದ್ನಿ. 'ಹಾ ಕಾಯ್ ಗೇಮ್ ಆಹೆ ಕಾ?', ಇದೇನ್ ಆಟಾ ಏನು ಅಂತ ನಕ್ರು. ಪ್ರತೀಕ ಸಿಟ್ಟಾಗಿ ಎಲ್ಲಿಯೋ ಹೋಗಿರಬೇಕು ಅಂದ್ರು. ಅದಕ್ಕ ನಿಮ್ಮನ್ನ ಕರಸೇನಿ, ಹಟ್ಟ್ಯಾಗ ಎಲ್ಲಾರಿಗೂ ಹೇಳೇನಿ."

ನಾ ಆ ಕೆಂಪು ಚುಕ್ಕಿನ್ನ ನೋಡಕೋತ ಕೂತ್ನಿ. ಮುಂದ ಅಲ್ಲ, ಮ್ಯಾಲೆ ಅಲ್ಲ, ಬೆನ್ನಿಗೆ. ಪ್ರತಿ ಸಲ ಬೆನ್ನಿಗೆ.

ನಮ್ಮಜ್ಜ ಕಾಡಸಿದ್ದ ಕುರಿ ಕಾಯಾಂವ. ಸಂತಿ ದಿನಾ ಮುಂಜಾನೆ ಜಾಜು, ಅಂದ್ರ ಕೆಂಪು ಮಣ್ಣು, ನೀರಾಗ ಕಲಸಿ, ಕಟಗರಿಗೆ ಕೊಡೋ ಕುರಿ ಹಿಂಭಾಗಕ್ಕ ಒಂದ ಬೆರಳು ಒತ್ತತಿದ್ದ. ಕುರಿ ಹಟ್ಟಿ ಬಾಗಲಾಗ ಹಿಂದ ನಿಂತಾವ್ರಿಗೆ ಅದು ಕಾಣಬೇಕು, ಅದಕ್ಕ ಹಿಂಭಾಗಕ್ಕ. ಒಮ್ಮೆ ಜಾಜು ಹತ್ತಿದ ಕುರಿನ್ನ ಮತ್ತ ಹಟ್ಟಿಯೊಳಗ ಕರಕೊಳ್ಳಂಗಿಲ್ಲ. ಗಿರಾಕಿ ಬರಲಿಲ್ಲಂದ್ರೂ ಹೊರಗ ಕಟ್ಟತಾರ. ಸಣ್ಣಾಕಿ ಇದ್ದಾಗ ಒಂದು ಮರಿ ಬೆನ್ನಿನ ಜಾಜು ನಾ ಲಂಗದಲೆ ಒರಸಿದ್ನಿ, ನಮ್ಮಜ್ಜ ಆ ಮರಿನ್ನ ಮೊದ್ಲ ಕೊಟ್ಟ.

ಇದನ್ನ ನಾ ರುತುಜಾಗ ಹೇಳಲಿಲ್ಲ. ಆಕಿ ಅಪ್ಪ ಎಸ್‌ಟಿ ಬಸ್ಸಿನ ಡ್ರೈವರ್ ಆಗಿದ್ದ, ಹುಡುಗಿ ಪ್ಯಾಟ್ಯಾಗ ಬೆಳದಾಕಿ, ಹಟ್ಟಿ ಅಂದ್ರ ಆಕಿಗೆ ಬರೇ ಒಂದು ಚಂದದ ಹೆಸರು. ಆದ್ರ ನನಗ ಒಂದು ಮಾತು ಖಾತ್ರಿ ಆತು. ಇದನ್ನ ಮಾಡಾಕತ್ತಾವ್ರು ಎಲ್ಲಿಯೋ ಕೂತ ಹ್ಯಾಕರ್ ಅಲ್ಲ. ನಮ್ಮ ಮಂದಿ. ನಮ್ಮ ಹಂಗ ಕುರಿ ನಡುವ ಹುಟ್ಟಿದವ್ರು.

"ಈ ಸಾಲಿಗೆ ಕೈ ಹಚ್ಚಾಕ ಯಾರಿಗೆ ಬರತೈತಿ?"

"ಪ್ರತೀಕಗ. ಮತ್ತ ಕೃಷ್ಣಾತಗ. ಪಾಸ್‌ವರ್ಡ್ ಇಬ್ಬರ ಕಡೇನ ಅಷ್ಟ." ಕೃಷ್ಣಾತ ಅಂದ್ರ 'ಬೆಂಕಿಹಕ್ಕಿ', 🔥🐦. ಕೊಲ್ಹಾಪುರದ ಒಂದು ಫೌಂಡ್ರ್ಯಾಗ ಮಷೀನಿಗೆ ಪ್ರೋಗ್ರಾಮ್ ಬರಿಯಾಂವ.

"ನಿಮ್ಮ ಮೂವರ ಮ್ಯಾಲ ಯಾಕ?"

ರುತುಜಾ ಅಡಗಿ ಮನಿ ಕಡೆ ಒಮ್ಮೆ ನೋಡಿ ಸಣ್ಣ ದನಿಲೆ ಹೇಳಿದ್ಲು. ಹಟ್ಟಿಯವ್ರು ಕಬ್ಬಿನ ಗಾಡಿ ತೂಗೋ ಕಾಟಾಕ್ಕ ಒಂದು ಫುಕಟ್ ಸಾಫ್ಟ್‌ವೇರ್ ಮಾಡಿ ಕೊಟ್ಟಿದ್ರು. ಅದರ ಕೋಡಿನ್ಯಾಗ ಯಾರೋ ಒಂದು ಸಾಲು ಸೇರಿಸ್ಯಾರ. ಗಾಡಿ ತೂಕ ತಟಗ ಕಡಿಮಿ ತೋರಿಸಿ ರೈತಗ ಮೋಸ ಮಾಡತೈತಿ. ಪ್ರತೀಕಗ ಸಿಕ್ತು, ಅಂವ ಅವಧೂತಗ ಮತ್ತ ಈಕಿಗೆ ಹೇಳಿದ. ಯಾರ ಕೆಲಸ ಅಂತ ಎಲ್ಲಾರ ಮುಂದ ಹೇಳ್ತೇನಿ ಅಂದಿದ್ದ. ಹೇಳೂಕಿಂತ ಮೊದ್ಲ ಮಾಯ ಆದ.

"ಅಕ್ಕಾ, ಇವತ್ತ ಸಂಜಿತನಕ ನಾ ಇರ್ತೇನಿಲ್ರಿ?"

"ಇರ್ತಿ," ಅಂದ್ನಿ. "ಮನಿ ಬಿಟ್ಟು ಹೋಗಬ್ಯಾಡ. ಫೋನ್ ಕೈಯಾಗಿರ್ಲಿ."

ನಾ ಹಂಗಂದ್ನಿ ಖರೆ, ನನಗ ನನ್ನ ಮಾತಿನ ಮ್ಯಾಲ ಭರೋಸಾ ಇರಲಿಲ್ಲ.

*

ಇಚಲಕರಂಜಿ ದವಾಖಾನ್ಯಾಗ ಅವಧೂತ ದಿಂಬಿಗೆ ಆತು ಕೂತಿದ್ದ. ಬೀಳೂವಾಗ ಮಗ್ಗದ ಕಬ್ಬಿಣಕ್ಕ ದವಡಿ ಬಡದು ಒಡದಿತ್ತು. ಬಾಯಿ ಕಟ್ಟಿದ್ರು, ಮಾತು ಬಂದ್. ಮೊಬೈಲ್ ಎತ್ತಿ ಇಮೋಜಿ ಒತ್ತಿ ತೋರಿಸಿದ: 🙏

ಇಂಥಾದ್ರಾಗೂ ಹುಡುಗ್ರಿಗೆ ಚಿತ್ರಾನ ಬೇಕು. ನನಗ ನಗೂನೂ ಬಂತು, ಅಳೂನೂ ಬಂತು.

"ಹೊಡದಾವ್ರನ್ನ ನೋಡಿದ್ಯಾ?"

🙈

"ಸಪ್ಪಳಾ ಕೇಳಲಿಲ್ಲ?"

🙉 ಒತ್ತಿ, ಪಕ್ಕಕ್ಕ 🧵 ಒತ್ತಿದ. ತಿಳೀತು. ಮಗ್ಗ ಚಾಲೂ ಇದ್ರ ಶೆಡ್ಡಿನ್ಯಾಗ ಬಾಜುಕ ನಿಂತಾವ್ರ ಮಾತೂ ಕೇಳಂಗಿಲ್ಲ. ಒಳಗ ಮನಶಾ ಚೀರಿದ್ರ ಹೊರಗ ಯಾರಿಗೂ ಗೊತ್ತಾಗಂಗಿಲ್ಲ.

"ಅವತ್ತ ಯಾರು ಬಂದಿದ್ರು?"

ಅಂವ ತನ್ನ ತಲಿ ಮುಟ್ಟಿ ತೋರಿಸಿದ. ಆಮ್ಯಾಲೆ 🤷. ಏಟು ಬಿದ್ದ ದಿನಾ ಪೂರಾ ಅವನ ತಲ್ಯಾಗಿಂದ ಅಳಿಸಿ ಹೋಗೈತಿ ಅಂತ ಡಾಕ್ಟರ್ ಹೇಳಿದ್ರು. ಬಾಗಲಾಗ ನಿಂತಿದ್ದ ಅವರಪ್ಪ ಅಂದ್ರು, "ಎರಡು ಚಹಾದ ಕಪ್ಪು ಇದ್ವು ನೋಡ್ರಿ. ಗುರ್ತಿಲ್ಲದವ್ರಿಗೆ ನಮ್ಮ ಹುಡುಗ ಶೆಡ್ಡಿನ್ಯಾಗ ಚಹಾ ಕೊಡಂಗಿಲ್ಲ. ಹೋಗೂವಾಗ ಶೆಡ್ಡಿನ ಕೀಲಿಕೈನೂ ಒಯ್ದಾರ."

ಗುರ್ತಿನವ್ರು.

ಇವತ್ತಿನ ಸಾಲು ಅವಧೂತಗ ತೋರಿಸಿದ್ನಿ. ರುತುಜಾನ ಕೆಂಪು ಚುಕ್ಕಿ ನೋಡಿ ಅವನ ಕಣ್ಣಾಗ ನೀರು ಬಂದು ನಿಂತ್ವು. ಒರಸಿಕೊಂಡ. ಒರಸಿಕೊಂಡು ಮತ್ತ ನೋಡಿದ. ಈ ಸಲ ಅವನ ಬೆರಳು ಬ್ಯಾರೆ ಕಡೆ ಹೋತು.

🔥🐦🟡

ಹಕ್ಕಿ ಬೆನ್ನಿಗೆ ಇದ್ದ ಹಳದಿ ಚುಕ್ಕಿ ಮ್ಯಾಲ ಬೆರಳಿಟ್ಟು ನನ್ನ ಕಡೆ ನೋಡಿದ. ತನ್ನ ಮೊಬೈಲಿನ್ಯಾಗ ಹಳೇದೊಂದು ಸಾಲು ತಗದ. ಅದರಾಗ 🔥🐦 ಅಷ್ಟ, ಹಳದಿ ಇಲ್ಲ. ಆಮ್ಯಾಲೆ ತನಗ ಏಟು ಬಿದ್ದ ದಿನದ ಸಾಲು. ಅದರಾಗ ಹಳದಿ ಐತಿ. ಪ್ರತೀಕ ಮಾಯ ಆದ ದಿನದ್ದು. ಅದರಾಗೂ ಐತಿ.

ಅಂವ ✌️ ಒತ್ತಿದ. ಆಮ್ಯಾಲೆ ❓.

ಖರೆ. ಒಬ್ಬೊಬ್ಬರಿಗೆ ಎರಡ ಚಿತ್ರ, ಮೂರನೇದ್ದು ಕೊಡಂಗಿಲ್ಲ, ಅದು ಪ್ರತೀಕನ ಕಾಯ್ದೆ. ಮುಂಜಾನೆ ನಾ ಅದನ್ನ ನೋಡಿದ್ನಿ. ಬೆಂಕಿ ಹಕ್ಕಿ, ಅದಕ್ಕೊಂದು ಕಿಡಿ ಇದ್ದೀತು ಅಂತ ಬಿಟ್ಟಿದ್ನಿ. ನನ್ನಂಥಾ ಶಾಣ್ಯಾಕಿ!

ಜಾಜು ಹಚ್ಚೋ ದಿನಾ ನಮ್ಮ ಹಟ್ಟ್ಯಾಗ ಇನ್ನೊಂದು ರೂಢಿ ಇತ್ತು. ಮೊದ್ಲ ಅರಿಶಿಣ, ಆಮ್ಯಾಲೆ ಜಾಜು. ಹಿಂಡಿನ್ಯಾಗ ಎಂಥಾ ಪ್ರಸಂಗ ಬಂದ್ರೂ ಕೊಡಬಾರ್ದು ಅನ್ನೋ ಒಂದು ಟಗರು ಇರತೈತಲ್ಲ, ಅದಕ್ಕ ಮೊದ್ಲ ಅರಿಶಿಣ ಒತ್ತಬೇಕು. ಇಲ್ಲಾಂದ್ರ ಸಾವು ದಾರಿ ತಪ್ಪಿ ಅದಕ್ಕ ಬಡಿತೈತಿ ಅನ್ನೋ ಅಂಜಿಕಿ. ಮಂದಿನ್ನ ಹೆದರಸಾಕ ಕೆಂಪು ಸಾಕಿತ್ತು. ಹಳದಿ ಬೇಕಾಗಿರಲಿಲ್ಲ. ಆದ್ರ ಹಟ್ಟ್ಯಾಗ ಬೆಳದ ಕೈ ಅರಿಶಿಣ ಒತ್ತದ ಜಾಜು ಒತ್ತಂಗಿಲ್ಲ. ಒತ್ತಾಕ ಧೈರ್ಯ ಬರಂಗಿಲ್ಲ.

ಪಾಸ್‌ವರ್ಡ್ ಅವನ ಕಡೆ. ಅರಿಶಿಣ ಅವಗ. ನಾ ವ್ಯಾನ್ ಚಾಲೂ ಮಾಡಿ ಕೊಲ್ಹಾಪುರದ ರಸ್ತೆ ಹಿಡಿದ್ನಿ. ದಾರಿ ತುಂಬ ಹಿಂದಿನ ಕನ್ನಡಿ ನೋಡಕೋತ ಹೋದ್ನಿ. ಯಾರೂ ಬೆನ್ನು ಹತ್ತಿರಲಿಲ್ಲ, ಆದ್ರೂ ನೋಡಿದ್ನಿ.

*

ಫೌಂಡ್ರ್ಯಾಗ ಭಟ್ಟಿ ಝಳಾ ಆಫೀಸಿನ ಗಾಜಿನತನಕ ಬರಾಕತ್ತಿತ್ತು. ಕೃಷ್ಣಾತ ಒಳಗ ಒಬ್ಬಾಂವನ ಕೂತಿದ್ದ. ತೆಳ್ಳಗಿನ ಮನಶಾ, ಗಡ್ಡ ಬೋಳಿಸಿ ಭಾಳ ದಿನಾ ಆಗಿತ್ತು. ನನ್ನ ನೋಡಿದ ಕೂಡಲೆ ಲ್ಯಾಪ್‌ಟಾಪ್ ಮುಚ್ಚಿದ.

"ಬಸಾ ತಾಯಿ, ಕೂಡ್ರಿ. ಪ್ರತೀಕಂದು ಏನರೆ ತಿಳೀತಾ?"

"ನೀ ಹೇಳಬೇಕಪ್ಪ. ಎಲ್ಲಿಟ್ಟಿ ಅವನ್ನ?"

ಅವನ ಮೂತಿ ಬೆಳ್ಳಗಾತು. "ನಾನಾ?"

"ಕಾವಲಿ ಪಾಸ್‌ವರ್ಡ್ ನಿನ್ನ ಕಡೆ. ಕುರಿಗೆ ಜಾಜು ಒತ್ತಿದಂಗ ಮೂರು ಮಂದಿ ಬೆನ್ನಿಗೆ ಕೆಂಪು ಬಿತ್ತು. ನಿಂಗ ಹಳದಿ. ಯಾಕ?"

"ಹಳದಿ ನಾ ಹಾಕಿಲ್ಲ. ಪ್ರತೀಕ ಚಾಷ್ಟಿಗೆ ಹಾಕ್ಯಾನ ಅನ್ಕೊಂಡಿದ್ದೆ."

"ಪ್ರತೀಕ ಹ್ವಾದ ಮ್ಯಾಲೂ ಬಂದೈತಲ್ಲ. ಇವತ್ತೂ ಐತಲ್ಲ."

ಅಂವ ಟೇಬಲ್ ಮ್ಯಾಲಿನ ನೀರಿನ ಬಾಟ್ಲಿ ತಗೊಂಡ, ಮುಚ್ಚಳಾ ತಗಿಯಾಕ ಬರಲಿಲ್ಲ, ಮತ್ತ ಇಟ್ಟ.

"ಕಾಟಾದ ತೂಕದಾಗಿನ ಸಾಲು ಯಾರದು?"

"ನನಗ ಗೊತ್ತಿಲ್ಲ."

"ಕೃಷ್ಣಾತ. ಅಲ್ಲಿ ಗಡಹಿಂಗ್ಲಜದಾಗ ಒಂದು ಹುಡುಗಿ, ಸಂಜಿತನಕ ಇರ್ತೇನೋ ಇಲ್ಲೋ ಅಂತ ನನ್ನ ಕೇಳಾಕತ್ತಾಳ. ನೀ ನನಗ ಸುಳ್ಳು ಹೇಳಬ್ಯಾಡ. ನನಗ ಮೊದ್ಲ ಹೆದರಿಕಿ ಆಗೈತಿ. ಹೆದರಿದಾಗ ನನ್ನ ಕೈಗೆ ಏನ್ ಸಿಕ್ಕತೈತಿ ಅದನ್ನ ಒಗೀತೇನಿ."

ಅಂವ ಎರಡೂ ಕೈಲೆ ಮುಖಾ ಮುಚ್ಚಿಕೊಂಡ. "ನಂದ. ಆ ಸಾಲು ನಂದ. ಒಬ್ಬ ಕಾಟಾದವ ಗಂಟು ಬಿದ್ದಿದ್ದ, ಬರದು ಕೊಟ್ಟೆ. ಪ್ರತೀಕಗ ಸಿಕ್ಕ ಮ್ಯಾಲ ನನಗ ನಿದ್ದಿ ಇಲ್ಲ. ಜೇಲಿಗೆ ಹೋಗ್ತೇನಿ ಅಂತ ಗೊತ್ತಿತ್ತು. ಆದ್ರ ಕೆಂಪು ಚುಕ್ಕಿ ನಂದಲ್ಲ ತಾಯಿ. ಮಾಝೀ ಶಪ್ಪತ್, ನನ್ನಾಣಿ. ಜಾಜು ಅಂದ್ರ ಏನಂತಾನೂ ನನಗ ಗೊತ್ತಿಲ್ಲ. ನಮ್ಮ ಮನ್ಯಾಗ ಮೂರು ತಲಿಮಾರಿಂದ ಕುರಿ ಇಲ್ಲ."

"ಕನ್ನಡ ಚಂದ ಮಾತಾಡ್ತಿಯಲ್ಲ, ಮರಾಠಿ ಮನಶಾ?"

"ಲಗ್ನಾದ ಮ್ಯಾಲ ಕಲ್ತೆ."

ಹೊರಗ ಎಲ್ಲಿಯೋ ಗಂಟಿ ಬಾರಿಸಿತು. ಅಂವ ಕಿಡಕಿ ಕಡೆ ಹೊಳ್ಳಿದ. ಅವನ ಬಲಗಿವಿ ಹಿಂದ, ಕೂದಲಾ ಮುಗಿಯೋ ಕಡೆ, ಒಂದು ಹಳದಿ ಗುರ್ತು ಇತ್ತು. ಬೆರಳಿನಷ್ಟು ಅಗಲ.

ನಾ ಎದ್ದು ಹೋಗಿ ಅದನ್ನ ಮುಟ್ಟಿದ್ನಿ. ಅರಿಶಿಣ. ಇವತ್ತಿಂದ.

ಹಿಂಡಿಗೆ ಜಾಜು ಗಂಡಸ್ರು ಹಚ್ಚತಾರ. ಅರಿಶಿಣ ಹೆಂಗಸ್ರ ಕೈಯಾಗಿಂದು. ಮತ್ತ ತನಗ ತಾನ ಯಾರೂ ಅರಿಶಿಣ ಒತ್ತಿಕೊಳ್ಳಂಗಿಲ್ಲ. ನಾ ಇಡೀ ದಾರಿ ಈ ಮನಶಾನ್ನ ಬೈಕೋತ ಬಂದಿದ್ನಿ, ಇಷ್ಟು ಸಣ್ಣ ಮಾತು ನನ್ನ ತಲಿಗೆ ಬಂದಿರಲಿಲ್ಲ. ಇಂವ ಟಗರು. ಒತ್ತಾಕಿ ಬ್ಯಾರೆ ಅದಾಳ.

"ಇದನ್ನ ಯಾರು ಹಚ್ಚಿದ್ರು?"

"ಇದಾ? ಪ್ರಾಜಕ್ತಾ. ನನ್ನ ಹೆಂಡ್ತಿ." ಅಂವ ಕಿವಿ ಹಿಂದ ಒರಸಿಕೊಂಡ. "ಏನೋ ಅವರ ತವರಿನ ಪದ್ಧತಿ. ಎರಡು ವಾರ ಆತು, ಮನಿ ಬಿಡೂವಾಗ ಹಚ್ಚೇ ಕಳಸ್ತಾಳ."

"ಯಾವೂರಾಕಿ?"

"ಕೋವಾಡ ಕಡೇದಾಕಿ. ಅವರಪ್ಪಂದು ದೊಡ್ಡ ಕುರಿ ಹಿಂಡ ಐತಿ." ಹೇಳಕೋತ ಹೇಳಕೋತ ಅವನ ದನಿ ಸಣ್ಣಗಾತು. "ನಿಮಗ್ಯಾಕ ಅದು?"

"ಆಕಿಗೆ ನಿನ್ನ ಲ್ಯಾಪ್‌ಟಾಪ್ ಪಾಸ್‌ವರ್ಡ್ ಗೊತ್ತೈತಾ?"

ಅಂವ ಮುಚ್ಚಿದ ಲ್ಯಾಪ್‌ಟಾಪ್ ಮ್ಯಾಲ ಕೈ ಇಟ್ಟ. ಅಂವ ನನ್ನ ನೋಡಿದ. ನಾ ಅವನ್ನ ನೋಡಿದ್ನಿ.

"ಊಟಕ್ಕ ಕೂತಾಗ ಒಮ್ಮೆ ಅಂದಿದ್ದೆ," ಅಂದ. "ಮೂರು ಮಂದಿಗೆ ಗೊತ್ತಾಗೈತಿ, ಅವ್ರು ಬಾಯಿ ಬಿಟ್ರ ನಾ ಮುಗದೆ ಅಂತ. ಆಕಿ ಇನ್ನೊಂದು ಭಾಕ್ರಿ ಹಾಕಿದ್ಲು, ತಿನ್ರಿ ಅಂದ್ಲು. ಅಷ್ಟ."

"ಈಗ ಎಲ್ಲಿ ಅದಾಳ?"

"ಮುಂಜಾನೆ ಗಾಡಿ ತಗೊಂಡು ಹೋದ್ಲು. ಗಡಹಿಂಗ್ಲಜದಾಗ ಗೆಳತಿ ಅದಾಳ, ಭೆಟ್ಟಿ ಆಗಿ ಬರ್ತೇನಿ ಅಂದ್ಲು."

ನಾ ರುತುಜಾಗ ಫೋನ್ ಹಚ್ಚಿದ್ನಿ. ರಿಂಗ್ ಆತು, ಆತು, ಕಟ್ ಆತು. ಮತ್ತ ಹಚ್ಚಿದ್ನಿ. ಎತ್ತಲಿಲ್ಲ. ಅವರವ್ವಗ ಹಚ್ಚಿದ್ನಿ.

"ಲಗಮವ್ವಾ, ರುತುಜಾ ಎಲ್ಲೆದಾಳ?"

"ನಿಮ್ಮ ಕಡೇನ ಬಂದಾಳಲ್ರಿ," ಅಂದ್ಲು ಲಗಮವ್ವ. "ನೀವ ಕಳಿಸಿದ್ರಿ ಅಂತ ಒಂದು ಹುಡುಗಿ ಬಂದಿತ್ತು. ನೀವು ಹೋಗಿ ಭಾಳ ಹೊತ್ತಾಗಿರಲಿಲ್ಲ. ನಮ್ಮ ಮಂದೀನ ಐತಿ, ಎಷ್ಟು ಚಂದ ಮಾತಾಡ್ತು. ನಮ್ಮ ರುತುಜಾ ಆಕಿನ್ನ 'ವಹಿನಿ' ಅಂತ ಅಪ್ಪಿಕೊಂಡ್ಲು, ಗೆಳ್ಯಾನ ಹೆಂಡ್ತಿಯಂತ. ಇಬ್ರೂ ನಕ್ಕೋತ ಗಾಡಿ ಹತ್ತಿ ಹೋದ್ರು. ಯಾಕ್ರಿ ಬಾಯಾರ, ಇನ್ನ ಮುಟ್ಟಿಲ್ಲೇನು?"

"ಮುಟ್ಟತಾಳ," ಅಂದ್ನಿ. ಬ್ಯಾರೆ ಏನ್ ಅನ್ಲಿ ಆ ತಾಯಿಗೆ. ಫೋನ್ ಇಟ್ನಿ.

ಕೃಷ್ಣಾತ ತನ್ನ ಫೋನಿನಿಂದ ಹೆಂಡ್ತಿಗೆ ಹಚ್ಚಾಕತ್ತಿದ್ದ. ಸ್ವಿಚ್ ಆಫ್. ಮತ್ತ ಹಚ್ಚಿದ. ಸ್ವಿಚ್ ಆಫ್. "ಆಕಿ ಇರುವಿ ಮ್ಯಾಲೂ ಕಾಲು ಇಡದಾಕಿ," ಅಂತ ಗುಣಗುಟ್ಟಿದ. ಯಾರಿಗೆ ಹೇಳಾಕತ್ತಿದ್ನೋ ಏನೋ.

"ಇಚಲಕರಂಜಿ ಪೊಲೀಸ್ರಿಗೆ ಹಚ್ಚು," ಅಂದ್ನಿ ಅವಗ. "ಗಡಹಿಂಗ್ಲಜಕ್ಕೂ ಹಚ್ಚು. ಕಾಗಲಕ್ಕೂ. ಹೆಂಡ್ತಿ ಗಾಡಿ ನಂಬರ್ ಹೇಳು. ಹೇಳ್ತಿಯೋ ಇಲ್ಲೋ?"

ಅಂವ ನನ್ನ ಕಡೆ ನೋಡಿದ. ಹೆಂಡ್ತಿನ್ನ ಕೊಡಬೇಕು, ಇಲ್ಲಾ ಆ ಹುಡುಗಿನ್ನ ಕೊಡಬೇಕು, ಎರಡೂ ಅವನ ಮೂತಿ ಮ್ಯಾಲ ಕಾಣತಿದ್ವು. ಅವನ ಬೆರಳು ಫೋನಿನ ಮ್ಯಾಲ ಹಂಗ ನಿಂತ್ವು.

ಅಷ್ಟರಾಗ ನನ್ನ ಫೋನ್ ಬಾರಿಸಿತು. ರುತುಜಾ.

"ಅಕ್ಕಾ," ಅಂದ್ಲು. ದನ್ಯಾಗ ಮುಂಜಾನಿ ಹೆದರಿಕಿ ಇರಲಿಲ್ಲ. ಹಗುರಾಗಿದ್ಲು ಹುಡುಗಿ. "ನಿಮ್ಮ ಕಾಲ್ ನೋಡಲಿಲ್ಲರಿ, ಗಾಡಿ ಮ್ಯಾಲಿದ್ನಿ. ಹೆದರಬ್ಯಾಡ್ರಿ. ಪ್ರಾಜಕ್ತಾ ವಹಿನಿ ನನ್ನ ಕೂಡ ಅದಾಳ."

"ಎಲ್ಲಿದ್ದಿ ತಂಗಿ?"

"ಇಚಲಕರಂಜ್ಯಾಗ. ಅವಧೂತನ ಶೆಡ್ಡಿನ್ಯಾಗ. ಅವನ ಹಾರ್ಡ್‌ಡಿಸ್ಕ್ ತಗೊಂಡು ನಿಮಗ ಕೊಡಬೇಕಲ್ರಿ, ನೀವ ಹೇಳಿದ್ರಂತಲ್ಲ. ಕೀಲಿಕೈ ವಹಿನಿ ಕಡೇನ ಇತ್ತು."

ಬಾಜುಕ ನಿಂತು ಕೇಳಾಕತ್ತಿದ್ದ ಕೃಷ್ಣಾತನ ಕೈಯಾಗಿನ ಫೋನ್ ಕೆಳಗ ಬಿತ್ತು. ನಾ ತುಟಿ ಮ್ಯಾಲ ಬೆರಳಿಟ್ಟು ಅವನ್ನ ಸುಮ್ಮನಿರಿಸಿದ್ನಿ. ಓಡು ಅಂತ ಹೇಳಬೇಕು. ಒಂದ ಮಾತು, ಓಡು. ನಾಲಿಗಿ ತುದಿತನಕ ಬಂತು.

ಆ ಕಡೆ ಏನೋ ಖಟ್ ಅಂತು. ಒಂದು ಮಗ್ಗ ಚಾಲೂ ಆತು. ಅದರ ಬೆನ್ನಿಗೆ ಇನ್ನೊಂದು.

"ಅಯ್ಯ ವಹಿನಿ, ಅದನ್ಯಾಕ ಚಾಲೂ ಮಾಡಿದಿ," ಅಂತ ರುತುಜಾ ನಕ್ಕ ದನಿ. ಆಮ್ಯಾಲೆ ನನಗ ಒದರಿ ಹೇಳಿದ್ಲು, "ಕೇಳವಲ್ದು ಅಕ್ಕಾ, ಸ್ಪೀಕರ್ ಹಚ್ಚೇನಿ. ಯಾರು ಅಂತ ಗೊತ್ತಾತೇನ್ರಿ? ಕೆಂಪು ಹಾಕಾಕತ್ತಾವ್ರು ಯಾರು?"

ಮಗ್ಗದ ಸಪ್ಪಳಾ ಏರಕೋತ ಹೊಂಟಿತ್ತು. ಅದರ ನಡುವ ಇನ್ನೊಂದು ಹೆಣ್ಣು ದನಿ, ಭಾಳ ಸನೇಕ, ಭಾಳ ಮೆತ್ತಗ.

"ಹೇಳ್ರಿ ಅಕ್ಕಾ. ನಾವಿಬ್ರೂ ಕೇಳಾಕತ್ತೇವಿ."